ಮೂಳೆ ಕ್ಯಾನ್ಸರ್: ಅಂಗ ಉಳಿಸುವ ಶಸ್ತ್ರಚಿಕಿತ್ಸೆಯ ಬಳಿಕ ಮೂಳೆ ಕೂಡುವಿಕೆ

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹದಿಹರೆಯದವರನ್ನು ಹೆಚ್ಚಾಗಿ ಕಾಡುವುದು ಆಸ್ಟಿಯೋಸಾರ್ಕೋಮಾ. ಮಂಡಿಯ ಆಸುಪಾಸು ಅದರ ಮುಖ್ಯ ನೆಲೆ. 1970ರ ದಶಕದವರೆಗೆ ಕಾಲನ್ನೇ ತೆಗೆಯುವುದು ರೂಢಿಯಾಗಿತ್ತು. ಕಿಮೋಥೆರಪಿ, ಸ್ಕ್ಯಾನಿಂಗ್ ಬೆಳೆದ ಮೇಲೆ ಬಹುಪಾಲು ರೋಗಿಗಳಲ್ಲಿ ಗೆಡ್ಡೆಯಿರುವ ಭಾಗವನ್ನಷ್ಟೇ ತೆಗೆದು ಕಾಲು ಉಳಿಸಲಾಗುತ್ತಿದೆ.

ತೆಗೆದ ಜಾಗಕ್ಕೆ ಲೋಹದ ಕೃತಕ ಕೀಲು ಹಾಕಿದರೆ ಮೂಳೆ ಕೂಡಲೆಂದು ಬಹಳ ಕಾಯಬೇಕಿಲ್ಲ. ಮೂಳೆಯನ್ನೇ ಕೂರಿಸಿದರೆ ಕಾಯಬೇಕು. ಕೂರಿಸುವ ಮೂಳೆ ದಾನಿಯದಾಗಿರಬಹುದು, ರೋಗಿಯದೇ ಕೆಳಗಾಲಿನ ಸಣ್ಣ ಮೂಳೆಯಾಗಿರಬಹುದು. ಇನ್ನೊಂದು ವಿಧಾನದಲ್ಲಿ ಗೆಡ್ಡೆಯಿದ್ದ ತುಂಡನ್ನೇ ಹೊರತೆಗೆದು, ಶುಚಿಮಾಡಿ, ಸಾಮಾನ್ಯವಾಗಿ 50 ಗ್ರೇ ವಿಕಿರಣವನ್ನು ಒಂದೇ ಸಲಕ್ಕೆ ಕೊಟ್ಟು, ಮತ್ತೆ ಅದೇ ಜಾಗದಲ್ಲಿ ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ಅಳತೆ ಸರಿಹೊಂದುತ್ತದೆ, ದಾನಿಗಾಗಿ ಅಲೆಯಬೇಕಿಲ್ಲ. ಆದರೆ ವಿಕಿರಣಕ್ಕೆ ಕ್ಯಾನ್ಸರ್ ಕೋಶಗಳ ಜೊತೆಗೆ ಮೂಳೆಯ ಜೀವಕೋಶಗಳೂ ಸಾಯುತ್ತವೆ.

ಹೀಗಾಗಿ ಇಲ್ಲಿನ ಕೂಡುವಿಕೆ ಬಿದ್ದು ಮುರಿದ ಮೂಳೆಯದರಂತಲ್ಲ. ಮುರಿತದಲ್ಲಿ ಎರಡು ತುದಿಗಳೂ ಜೀವಂತ. ಇಲ್ಲಿ ಜೀವವಿರುವ ತುದಿಯೊಂದೇ ದುಡಿಯಬೇಕು. ಅದರಿಂದ ಹೊಸ ಮೂಳೆ ಹೊರಟು ಸಂದನ್ನು ಬೆಸೆಯುತ್ತದೆ. ರಕ್ತನಾಳಗಳು ಸತ್ತ ಮೂಳೆಯೊಳಗೆ ನಿಧಾನವಾಗಿ ತೆವಳುತ್ತವೆ; ಅವುಗಳ ಜೊತೆ ಬರುವ ಕೋಶಗಳು ಹಳೆಯದನ್ನು ಕರಗಿಸುತ್ತ ಹೊಸದನ್ನು ಕಟ್ಟುತ್ತವೆ. ಕೀಲಿಗೆ ಹತ್ತಿರವಿರುವ ಸ್ಪಂಜಿನಂಥ ಮೂಳೆಯ ಸಂದು ಸುಮಾರು 6 ತಿಂಗಳಲ್ಲಿ ಕೂಡಬಹುದು. ಮೂಳೆಯ ಗಟ್ಟಿಯಾದ ನಡುಭಾಗದ ಸಂದು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಡುತ್ತದೆ. ಗಾಯ ಮಾಯ್ದೊಡನೆ ಮತ್ತೆ ಶುರುವಾಗುವ ಕಿಮೋ ಈ ಕೆಲಸವನ್ನು ನಿಧಾನಿಸುತ್ತದೆ. ಹಾಗೆಂದು ಕಿಮೋ ನಿಲ್ಲಿಸುವಂತಿಲ್ಲ, ಜೀವ ಉಳಿಸುವುದು ಅದೇ. ಕೂಡುವಿಕೆಯನ್ನು ನಿಧಾನಿಸುವ ಬೀಡಿ, ಸಿಗರೇಟು ಮಾತ್ರ ಬಿಡಲೇಬೇಕು. ರಕ್ತನಾಳ ಸಮೇತ ಜೋಡಿಸಿದ ಸಣ್ಣ ಮೂಳೆ ಬೇಗ ಕೂಡುತ್ತದೆ, ಭಾರ ಬಿದ್ದಂತೆ ದಪ್ಪವೂ ಆಗುತ್ತದೆ. ಕೂಡದೆ ಉಳಿದ ಸಂದಿಗೆ ಸೊಂಟದ ಮೂಳೆಯ ಚೂರುಗಳನ್ನು ತುಂಬಿ ಪ್ಲೇಟು ಬದಲಿಸುತ್ತಾರೆ.

ಅಜ್ಜಂಪುರ, ಕಡೂರು, ತರೀಕೆರೆ ಕಡೆಯವರಿಗೆ ಬೆಂಗಳೂರಿನಲ್ಲಿ ಸರ್ಕಾರಿ ನೆರವಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೆಂದರೆ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಅಲ್ಲಿಗೆ ಹೋಗಿಬರಲು ರೈಲಿದೆ: ಅಜ್ಜಂಪುರ, ಬೀರೂರು ಎರಡೂ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ಕಾಲು ನೋಯುತ್ತಿಲ್ಲವೆಂದು ಮರುತಪಾಸಣೆ ತಪ್ಪಿಸುವುದು ಅಪಾಯ: ಸಂದು ಕೂಡದಿದ್ದರೂ ಪ್ಲೇಟು ಕೆಲಕಾಲ ಭಾರ ಹೊರುತ್ತದೆ, ಆಮೇಲೆ ಅದೇ ಮುರಿಯುತ್ತದೆ. ಊರುಗೋಲು ಬಿಡುವ ದಿನವನ್ನು ಎಕ್ಸ್‌ರೇ ನೋಡಿ ವೈದ್ಯರೇ ಹೇಳಬೇಕು.

ಮಕ್ಕಳ ಮಂಡಿಯ ಬಳಿ ಊತ, ರಾತ್ರಿ ಹೆಚ್ಚುವ ನೋವು ಕೆಲವು ವಾರ ಉಳಿದರೆ ಎಣ್ಣೆ ತಿಕ್ಕಿಸಬೇಡಿ, ಕಟ್ಟು ಕಟ್ಟಿಸಬೇಡಿ. ಮೊದಲು ಎಕ್ಸ್‌ರೇ ತೆಗೆಸಿ.