ಕಂಪ್ಯೂಟರಿನೊಳಗೊಂದು ಮಯಸಭೆ



ನಮ್ಮ ಸಂಘದಲ್ಲಿ ಸಾಫ್ಟ್‌ವೇರ್ ಕೆಲಸದವರಿಲ್ಲದ ಮನೆ ಹುಡುಕುವುದು ಸಾಸಿವೆ ಕೇಳಿಕೊಂಡು ಹೋದ ಹಾಗೆಯೇ ಸರಿ. ಅವರ ಬಾಯಲ್ಲಿ "ವಿ.ಎಂ." ಎಂಬ ಮಾತು ಆಗಾಗ ಬರುತ್ತದೆ. ವರ್ಚುವಲ್ ಮಷೀನ್ ಎಂಬುದರ ಹ್ರಸ್ವರೂಪ ಅದು. ಜಾಲತಾಣ ಕಟ್ಟಲು ಕಲಿಯುವ ಮಕ್ಕಳೂ ಮನೆಯ ಕಂಪ್ಯೂಟರಿನಲ್ಲಿ ಇದನ್ನು ಸ್ಥಾಪಿಸಿಕೊಳ್ಳುವುದುಂಟು. ಇದು ನಿನ್ನೆ ಮೊನ್ನೆಯ ವಿದ್ಯೆಯೆಂದು ಹಲವರ ಎಣಿಕೆ. ನಿಜವಾಗಿ ಇದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಮೊದಲು ವಸ್ತು ಏನೆಂದು ನೋಡೋಣ. ಮಹಾಭಾರತದ ಮಯಸಭೆಯಲ್ಲಿ ನೀರೆಂದು ಕಂಡದ್ದು ನೆಲ, ನೆಲವೆಂದು ಕಾಲಿಟ್ಟದ್ದು ನೀರು. ವರ್ಚುವಲ್ ಮಷೀನೂ ಅಂಥ ರಚನೆಯೇ. ನಿಜವಾದ ಕಂಪ್ಯೂಟರಿನೊಳಗೆ ಒಂದು ತಂತ್ರಾಂಶವು ಇನ್ನೊಂದು ಕಂಪ್ಯೂಟರಿನ ವೇಷ ಕಟ್ಟುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ಮೆಮರಿ, ಡಿಸ್ಕ್ ಇರುವಂತೆ ತೋರುತ್ತದೆ. ಆ ಡಿಸ್ಕ್ ಅಸಲಿಗೆ ಒಂದು ದೊಡ್ಡ ಫೈಲು, ಅಷ್ಟೇ. ಒಳಗೆ ಓಡುವ ಆಪರೇಟಿಂಗ್ ಸಿಸ್ಟಮ್ ಮಾತ್ರ ಇಡೀ ಮನೆ ತನ್ನದೆಂದುಕೊಂಡೇ ಸಂಸಾರ ಹೂಡುತ್ತದೆ.

ಈ ಉಪಾಯ ಹುಟ್ಟಿದ್ದು ಕೊರತೆಯಿಂದ. 1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಕೋಣೆ ತುಂಬುವ, ಅಪಾರ ಬೆಲೆಯ ಯಂತ್ರ. ಅನೇಕ ಕಡೆ ಪ್ರೋಗ್ರಾಮು ಬರೆದವರು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಒಂದು ಅಕ್ಷರ ತಪ್ಪಿದರೆ ಮತ್ತೆ ಸರದಿ. ಒಂದೇ ಯಂತ್ರದ ಸಮಯವನ್ನು ಹಲವರಿಗೆ ಹಂಚುವ ಪದ್ಧತಿಯನ್ನು ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ತೋರಿಸಿಕೊಟ್ಟರು. ಆದರೆ ಅಲ್ಲಿ ಎಲ್ಲರೂ ಒಂದೇ ಆಪರೇಟಿಂಗ್ ಸಿಸ್ಟಮ್‌ನ ಆಶ್ರಯದಲ್ಲಿ ಇರಬೇಕಿತ್ತು.

ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿದ್ದ ಐ.ಬಿ.ಎಂ. ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿಯವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಮಯವನ್ನು ಮಾತ್ರ ಏಕೆ ಹಂಚಬೇಕು, ಪ್ರತಿಯೊಬ್ಬರಿಗೂ ಒಂದೊಂದು ಇಡೀ ಯಂತ್ರವನ್ನೇ ಕೊಟ್ಟಂತೆ ತೋರಿಸಬಾರದೇಕೆ ಎಂಬುದು ಅವರ ವಿಚಾರ. 1967ರ ಆರಂಭದಲ್ಲಿ ಸಿ.ಪಿ.-40 ಎಂಬ ಅವರ ವ್ಯವಸ್ಥೆ ಬಳಕೆಗೆ ಬಂತು. ಒಂದು ಸಿಸ್ಟಮ್/360 ಯಂತ್ರದೊಳಗೆ ಏಕಕಾಲಕ್ಕೆ 14 ವರ್ಚುವಲ್ ಮಷೀನುಗಳು! ಒಂದೊಂದಕ್ಕೂ 256 ಕಿಲೋಬೈಟ್ ಮೆಮರಿ. ಇಂದಿನ ಮೊಬೈಲ್ ಫೋನಿನ ಒಂದು ಛಾಯಾಚಿತ್ರಕ್ಕೂ ಅದು ಸಾಲದು.

ಇದರಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಆಪರೇಟಿಂಗ್ ಸಿಸ್ಟಮ್ ಬರೆಯುವವರಿಗೆ ಪರೀಕ್ಷೆಗಾಗಿ ಇಡೀ ಯಂತ್ರ ಬೇಕಾಗುತ್ತಿತ್ತು. ಅವರ ತಪ್ಪಿನಿಂದ ಯಂತ್ರ ನಿಂತರೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ವರ್ಚುವಲ್ ಮಷೀನ್ ಬಂದ ಮೇಲೆ ಕುಸಿಯುವುದು ಅವರ ಪಾಲಿನ ಯಂತ್ರ ಮಾತ್ರ, ನೆರೆಯವರಿಗೆ ಸುದ್ದಿಯೂ ತಿಳಿಯದು. ಒಂದರೊಳಗೆ ಇನ್ನೊಂದನ್ನು ಓಡಿಸಿ ಹೊಸ ಆವೃತ್ತಿಯನ್ನು ಪರೀಕ್ಷಿಸುವುದೂ ಸಾಧ್ಯವಾಯಿತು. 1972ರ ಆಗಸ್ಟಿನಲ್ಲಿ ಐ.ಬಿ.ಎಂ. ಇದನ್ನು ವಿ.ಎಂ./370 ಎಂಬ ಹೆಸರಿನಲ್ಲಿ ಪ್ರಕಟಿಸಿತು. ತಪ್ಪು ಮಾಡಿ ಕಲಿಯಲು ಒಂದು ನಿರಪಾಯದ ಅಂಗಳ ಎಂಬ ಗುಣ ವರ್ಚುವಲ್ ಮಷೀನಿಗೆ ಹುಟ್ಟಿನಿಂದಲೇ ಬಂದದ್ದು.

ಆಮೇಲೆ ಮೈಕ್ರೋಪ್ರೊಸೆಸರುಗಳು ಬಂದವು, ಮೇಜಿಗೊಂದು ಕಂಪ್ಯೂಟರ್ ಆಯಿತು. ಎಲ್ಲರ ಮನೆಯಲ್ಲೂ ಬಾವಿ ಇದ್ದ ಮೇಲೆ ಊರ ಕೆರೆಯ ನೀರಿನ ಪಾಲು ಯಾರಿಗೆ ಬೇಕು? ದೊಡ್ಡ ಯಂತ್ರಗಳ ಹೊರಗೆ ಈ ವಿದ್ಯೆ ಮಂಕಾಯಿತು. ತಾಂತ್ರಿಕ ತೊಡಕೂ ಇತ್ತು. ಅತಿಥಿ ಸಿಸ್ಟಮ್ ಯಂತ್ರದ ಮರ್ಮಕ್ಕೆ ಕೈಹಾಕುವ ಪ್ರತಿ ಆಜ್ಞೆಯೂ ಮೇಲ್ವಿಚಾರಕ ತಂತ್ರಾಂಶದ ಗಮನಕ್ಕೆ ಬರಬೇಕೆಂದು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ವಿವರಿಸಿದ್ದರು. ಇಂಟೆಲ್ ಪೆಂಟಿಯಂನಲ್ಲಿ ಈ ನಿಯಮಕ್ಕೆ ಒಗ್ಗದ 17 ಆಜ್ಞೆಗಳಿವೆಯೆಂದು 2000ದಲ್ಲಿ ಒಂದು ಅಧ್ಯಯನ ಎಣಿಸಿ ತೋರಿಸಿತು. ಮೇಲ್ವಿಚಾರಕನ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಹೋಗುವ ಮಕ್ಕಳಂತೆ ಅವು.

ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಂಡೆಲ್ ರೋಸೆನ್‌ಬ್ಲಮ್, ಅವರ ಪತ್ನಿ ಡಯೇನ್ ಗ್ರೀನ್ ಮತ್ತು ಮೂವರು ಸಂಗಡಿಗರು 1998ರಲ್ಲಿ ವಿ.ಎಂ.ವೇರ್ ಸಂಸ್ಥೆ ಕಟ್ಟಿ, ಅಂಥ ಆಜ್ಞೆಗಳನ್ನು ಓಡುವ ಮೊದಲೇ ಹಿಡಿದು ಬೇರೆ ರೂಪಕ್ಕೆ ಬದಲಿಸುವ ಜಾಣ್ಮೆ ತೋರಿದರು. 1999ರಲ್ಲಿ ಅವರ ತಂತ್ರಾಂಶ ಸಾಮಾನ್ಯ ಪಿ.ಸಿ.ಗೆ ಬಂತು. 2005ರಲ್ಲಿ ಇಂಟೆಲ್, 2006ರಲ್ಲಿ ಎ.ಎಂ.ಡಿ. ಪ್ರೊಸೆಸರಿನಲ್ಲೇ ಈ ಸೌಕರ್ಯ ಒದಗಿಸಿದವು. 2007ರಲ್ಲಿ ಜರ್ಮನಿಯ ಇನ್ನೋಟೆಕ್ ಕಂಪನಿ ವರ್ಚುವಲ್‌ಬಾಕ್ಸ್ ಅನ್ನು ಮುಕ್ತ ತಂತ್ರಾಂಶವಾಗಿ ಕೊಟ್ಟ ಮೇಲೆ ವಿದ್ಯಾರ್ಥಿಗಳಿಗೂ ಇದು ಖರ್ಚಿಲ್ಲದೆ ದಕ್ಕಿತು.

ಇಷ್ಟರಲ್ಲಿ ಬೇಕು ಬದಲಾಗಿತ್ತು. ಈಗಿನ ಸಮಸ್ಯೆ ಯಂತ್ರಗಳ ಕೊರತೆಯಲ್ಲ, ಅವುಗಳ ವೈವಿಧ್ಯ. ಜಾಲತಾಣ ಬರೆಯುವವರ ಮನೆಯಲ್ಲಿ ವಿಂಡೋಸ್ ಅಥವಾ ಮ್ಯಾಕ್, ಅದು ಕೊನೆಗೆ ಓಡಬೇಕಾದ ಸರ್ವರಿನಲ್ಲಿ ಹೆಚ್ಚಾಗಿ ಲಿನಕ್ಸ್. "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇತ್ತಲ್ಲ!" ಎಂಬುದು ಈ ವೃತ್ತಿಯವರ ನಿತ್ಯದ ಗೋಳು. ಮನೆಯ ಯಂತ್ರದೊಳಗೇ ಸರ್ವರನ್ನು ಹೋಲುವ ಲಿನಕ್ಸ್ ಯಂತ್ರವೊಂದನ್ನು ಕೂರಿಸಿದರೆ ಗೋಳು ಬಹುಮಟ್ಟಿಗೆ ತೀರುತ್ತದೆ. ಅದಕ್ಕೆ ಎರಡು ಗಿಗಾಬೈಟ್ ಮೆಮರಿ, ಇಪ್ಪತ್ತು ಗಿಗಾಬೈಟ್ ಡಿಸ್ಕ್ ಕೊಟ್ಟರೆ ಸಣ್ಣ ಜಾಲತಾಣದ ಅಭ್ಯಾಸಕ್ಕೆ ಧಾರಾಳ. ಒಳಗೆ ವೆಬ್ ಸರ್ವರ್, ಡೇಟಾಬೇಸ್ ಹಾಕಿ, ಹೊರಗಿನ 8080ನೇ ಪೋರ್ಟನ್ನು ಒಳಗಿನ 80ಕ್ಕೆ ಜೋಡಿಸಿದರೆ, ಮನೆಯ ಬ್ರೌಸರಿನಲ್ಲೇ ಜಾಲತಾಣ ತೆರೆದುಕೊಳ್ಳುತ್ತದೆ. ಹೊಸದೇನನ್ನಾದರೂ ಪ್ರಯತ್ನಿಸುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡರೆ, ಕೆಟ್ಟಾಗ ಕ್ಷಣದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು.

ಅಮೆರಿಕದ ಮಿಚೆಲ್ ಹಶಿಮೊಟೊ ವಿದ್ಯಾರ್ಥಿಯಾಗಿದ್ದಾಗಲೇ, 2010ರಲ್ಲಿ, ವೇಗ್ರಂಟ್ ಎಂಬ ಸಾಧನ ಹೊರತಂದರು. ಯಂತ್ರ ಹೇಗಿರಬೇಕೆಂಬುದನ್ನು ಅಡುಗೆಯ ವಿಧಾನದಂತೆ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟರೆ, ಯಾರ ಮನೆಯಲ್ಲಿ ಕಟ್ಟಿದರೂ ಅದೇ ಯಂತ್ರ. 2013ರಲ್ಲಿ ಬಂದ ಡಾಕರ್ ಇನ್ನೂ ಹಗುರ. ಅದು ಇಡೀ ಯಂತ್ರದ ವೇಷ ಕಟ್ಟದೆ, ಇರುವ ಲಿನಕ್ಸಿನಲ್ಲೇ ಅಡ್ಡಗೋಡೆ ಹಾಕಿ ಕೋಣೆ ಮಾಡಿಕೊಡುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಲಿನಕ್ಸ್ ಕೋಣೆಗಳಿಗೆ ತಳಪಾಯವಾಗಿರುವುದು ಮತ್ತೆ ವರ್ಚುವಲ್ ಮಷೀನೇ.

ವೈದ್ಯವೃತ್ತಿಯವರಾದ ನಮಗೆ ಈ ಇತಿಹಾಸದಲ್ಲಿ ಹಿಡಿಸಿದ್ದು ಒಂದು ಅಂಶ. ಎದೆ ಒತ್ತಿ ಉಸಿರು ಕೊಡುವುದನ್ನು ನಾವು ಮೊದಲು ಗೊಂಬೆಯ ಮೇಲೆ ಕಲಿಯುತ್ತೇವೆ, ರೋಗಿಯ ಮೇಲಲ್ಲ. ನಮ್ಮಂಥ ಸಂಘಗಳ ಜಾಲತಾಣಗಳನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವವರು ಸ್ವಯಂಸೇವಕರು, ಕೆಲವೊಮ್ಮೆ ಹೈಸ್ಕೂಲಿನ ಮಕ್ಕಳು. ನೇರವಾಗಿ ಚಾಲ್ತಿಯಲ್ಲಿರುವ ತಾಣದ ಮೇಲೆ ಕೈಯಾಡಿಸಿದರೆ ಯುಗಾದಿ ಸಮಾರಂಭದ ಹಿಂದಿನ ರಾತ್ರಿಯೇ ಅದು ಮಲಗಬಹುದು, ಬೈಗುಳ ತಿಂದ ಮಗು ಮತ್ತೆ ಆ ಕಡೆ ತಲೆಹಾಕದಿರಬಹುದು. ಮೊದಲು ವರ್ಚುವಲ್ ಮಷೀನಿನಲ್ಲಿ ಮಾಡಲಿ. ಆದರೆ ಅಭ್ಯಾಸದ ಡೇಟಾಬೇಸಿಗೆ ಸದಸ್ಯರ ನಿಜವಾದ ವಿಳಾಸ, ದೂರವಾಣಿ ಸಂಖ್ಯೆಗಳನ್ನು ತುಂಬುವುದು ಬೇಡ. ಯಂತ್ರ ತೋರಿಕೆಯದಾದರೂ ಸೋರಿದ ಮಾಹಿತಿ ನಿಜವಾದದ್ದೇ.

ಮಯಸಭೆಯಲ್ಲಿ ಜಾರಿದ ಸುಯೋಧನನಿಗೆ ಸಿಕ್ಕಿದ್ದು ನಗು, ಅದರಿಂದ ಬೆಳೆದದ್ದು ಹಗೆ. ಈ ಹೊಸ ಮಯಸಭೆಯಲ್ಲಿ ಎಷ್ಟು ಸಲ ಜಾರಿದರೂ ನಗುವವರಿಲ್ಲ. ನಮ್ಮ ಮಕ್ಕಳು ಅಲ್ಲಿ ಧೈರ್ಯವಾಗಿ ಜಾರಲಿ, ಎದ್ದು ಕಲಿಯಲಿ ಎಂದು ಹಾರೈಸೋಣ.