ಮುಟ್ಟು ನಿಲ್ಲುವ ವಯಸ್ಸು ಮತ್ತು ಶ್ರವಣಶಕ್ತಿ: ಅಧ್ಯಯನಗಳು ನಡೆದುಬಂದ ದಾರಿ

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಆಸುಪಾಸಿನಲ್ಲಿ. ಆ ಹೊತ್ತಿಗೆ ಮೈ ಬಿಸಿಯೇರುವುದು, ನಿದ್ದೆಗೇಡು, ಮೂಳೆಸವೆತ ಇವುಗಳ ಬಗ್ಗೆ ವೈದ್ಯರು ವಿಚಾರಿಸುತ್ತಾರೆ. ಕಿವಿಯ ಮಾತು ಬರುವುದು ಅಪರೂಪ. ಇದೇ ವಯಸ್ಸಿನಲ್ಲಿ ಶ್ರವಣಶಕ್ತಿಯೂ ಬದಲಾಗಬಹುದು ಎಂಬ ವಿಚಾರ ವೈದ್ಯವಿಜ್ಞಾನದಲ್ಲಿ ಬೆಳೆದದ್ದು ತಡವಾಗಿ.

ವಯಸ್ಸಾದಂತೆ ಮೊದಲು ಕುಗ್ಗುವುದು ಕೀರಲು ಸ್ವರಗಳ ಗ್ರಹಿಕೆ ಎಂಬುದನ್ನು 1890ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯ ಹೆಂಡ್ರಿಕ್ ಜ್ವಾರ್ಡೆಮೇಕರ್ ವಿವರಿಸಿದರು. ಕನ್ನಡದ ಸ, ಶ, ತ, ಕ ವ್ಯಂಜನಗಳ ಗುರುತು ಬಹುಪಾಲು ಈ ಮೇಲ್ಮಟ್ಟದ ಕಂಪನಾಂಕಗಳಲ್ಲಿದೆ; ಸ್ವರಾಕ್ಷರಗಳ ಬಲ ಕೆಳಮಟ್ಟದವುಗಳಲ್ಲಿದೆ. ಹೀಗಾಗಿ 'ಕಾಳು' ಎಂದದ್ದು 'ತಾಳು' ಎಂದು ಕೇಳಿಸಬಹುದು. "ಮಾತು ಕೇಳಿಸುತ್ತೆ, ಏನಂತ ತಿಳಿಯಲ್ಲ" ಎಂಬ ದೂರು ಹುಟ್ಟುವುದು ಇಲ್ಲಿಂದಲೇ.

ಗಂಡಸರ ಕಿವಿ ಹೆಂಗಸರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಮಂದವಾಗುತ್ತದೆ ಎಂದು ಅಮೆರಿಕದ ಬಾಲ್ಟಿಮೋರ್‌ನ ದೀರ್ಘಕಾಲದ ಅಧ್ಯಯನ 1995ರಲ್ಲಿ ತೋರಿಸಿತು. ಸದ್ದಿನ ಕೆಲಸವೊಂದೇ ಇದಕ್ಕೆ ಕಾರಣವೋ, ಹೆಣ್ಣಿನ ದೇಹದಲ್ಲಿ ರಕ್ಷಣೆ ಕೊಡುವ ಅಂಶವೂ ಇದೆಯೋ ಎಂಬ ಪ್ರಶ್ನೆ ಸಂಶೋಧಕರನ್ನು ಮುಟ್ಟು ನಿಂತಾಗ ಕುಗ್ಗುವ ಈಸ್ಟ್ರೋಜನ್ ಎಂಬ ಹಾರ್ಮೋನಿನ ಕಡೆಗೆ ಕರೆದೊಯ್ದಿತು.

ಸ್ವೀಡನ್ನಿನ ತಂಡವೊಂದು 1999ರಲ್ಲಿ ಇಲಿಗಳ ಒಳಗಿವಿಯಲ್ಲೂ 2001ರಲ್ಲಿ ಮನುಷ್ಯರ ಒಳಗಿವಿಯಲ್ಲೂ ಈಸ್ಟ್ರೋಜನ್ ಗ್ರಾಹಕಗಳನ್ನು ಗುರುತಿಸಿತು. ಅಂಡಾಶಯ ಸರಿಯಾಗಿ ಬೆಳೆಯದ ಟರ್ನರ್ ಸಿಂಡ್ರೋಮ್‌ನವರಲ್ಲಿ ಶ್ರವಣ ಬೇಗ ಕುಗ್ಗುವುದು ಈಸ್ಟ್ರೋಜನ್ ಕಿವಿಯನ್ನು ಕಾಯುತ್ತದೆ ಎಂಬ ಊಹೆಗೆ ಪೂರಕವಾಗಿತ್ತು. ಈ ಗ್ರಾಹಕಗಳಲ್ಲಿ ಬೀಟಾ ಎಂಬ ಬಗೆ ಇಲಿಗಳ ಕಿವಿಯನ್ನು ಗದ್ದಲದ ಹಾನಿಯಿಂದ ಕಾಯುತ್ತದೆ ಎಂದು 2008ರಲ್ಲಿ ತಿಳಿಯಿತು. ಮುಟ್ಟು ನಿಲ್ಲುವ ಘಟ್ಟವೇ ಶ್ರವಣದ ಕುಸಿತಕ್ಕೆ ಚಾಲನೆ ಕೊಡುತ್ತದೆ ಎಂದು 2010ರ ಸ್ವೀಡಿಷ್ ಅಧ್ಯಯನವೊಂದು ವಾದಿಸಿತು.

ಹಾಗಿದ್ದರೆ ಹಾರ್ಮೋನ್ ಮಾತ್ರೆ ಕೊಟ್ಟರೆ ಕಿವಿ ಉಳಿಯಬೇಕಿತ್ತು. ಪುರಾವೆ ಅದಕ್ಕೆ ಒದಗಿ ಬರಲಿಲ್ಲ. ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸೇರಿದ ಚಿಕಿತ್ಸೆ ಪಡೆದವರ ಶ್ರವಣ ಇತರರಿಗಿಂತ ಕೆಳಮಟ್ಟದಲ್ಲಿತ್ತು ಎಂದು 2006ರ ಅಮೆರಿಕದ ವರದಿ ಹೇಳಿತು. ಸುಮಾರು 81 ಸಾವಿರ ದಾದಿಯರನ್ನು ಎರಡು ದಶಕಕ್ಕೂ ಮೀರಿ ಗಮನಿಸಿದ 2017ರ ಅಧ್ಯಯನದಲ್ಲಿ, ಮುಟ್ಟು ತಡವಾಗಿ ನಿಂತವರಲ್ಲೂ ಬಾಯಿಯ ಮೂಲಕ ಹಾರ್ಮೋನನ್ನು ದೀರ್ಘಕಾಲ ಸೇವಿಸಿದವರಲ್ಲೂ ಶ್ರವಣದೋಷ ಹೆಚ್ಚು ವರದಿಯಾಯಿತು. ಇದು ವೀಕ್ಷಣಾ ಅಧ್ಯಯನವಾದ್ದರಿಂದ ಮಾತ್ರೆಯೇ ಕಾರಣವೆಂದು ಸಾಬೀತಾಗುವುದಿಲ್ಲ. ಆದರೆ ಕಿವಿಗಾಗಿ ಹಾರ್ಮೋನ್ ಬರೆದುಕೊಡಲು ಆಧಾರವೂ ಇಲ್ಲ.

ಕರ್ನಾಟಕದಲ್ಲಿ ಶ್ರವಣವಿಜ್ಞಾನಕ್ಕೆ ನೆಲೆ ಕೊಟ್ಟದ್ದು 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಬಂತು. ಈ ವ್ಯವಸ್ಥೆಯಲ್ಲಿ ಮಗು ಮತ್ತು ಮುದುಕರ ಕಿವಿಗೆ ಸಿಗುವ ಗಮನ ನಡುವಯಸ್ಸಿನ ಹೆಂಗಸಿಗೆ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಾದ ಮೇಲಷ್ಟೇ ಶ್ರವಣದೋಷವೆಂಬ ಗುರುತು. ಅದಕ್ಕೆ ಮೊದಲಿನ ಹಂತ ಕಾಗದದ ಮೇಲೆ ಬರುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಊರಿನಲ್ಲಿ ಇಂಥ ಹೆಂಗಸಿನ ತೊಂದರೆಯನ್ನು ಮೊದಲು ಗಮನಿಸಬಲ್ಲವರು ಆಶಾ ಕಾರ್ಯಕರ್ತೆಯರು.

ಕಿವಿಯ ಪರೀಕ್ಷೆ ಸರಳವಾದದ್ದು. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್‌ವರೆಗಿನ ಸಣ್ಣ ಸ್ವರಗಳನ್ನು ಒಂದೊಂದಾಗಿ ಕೇಳಿಸುತ್ತಾರೆ; ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಗಿವಿಯ ಫಲಿತಾಂಶ ಕೆಂಪು ಸೊನ್ನೆಯಾಗಿ, ಎಡಗಿವಿಯದು ನೀಲಿ ಗುಣಾಕಾರ ಚಿಹ್ನೆಯಾಗಿ ನಕ್ಷೆಯಲ್ಲಿ ಮೂಡುತ್ತದೆ. ಕಿವಿಯೊಳಗೆ ಗುಂಯ್ ಎನ್ನುವ ಸದ್ದು, ಟಿವಿಯ ದನಿ ಏರಿಸುವ ಅಭ್ಯಾಸ, ಗದ್ದಲದಲ್ಲಿ ಮಾತು ತಪ್ಪುವುದು ಕಂಡರೆ ಈ ಪರೀಕ್ಷೆ ಮಾಡಿಸಬೇಕು. ಒಂದೇ ಕಿವಿ ಹಠಾತ್ತನೆ ಕೇಳದಾದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯ ಜೊತೆಗೇ ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಒಮ್ಮೆ ಕಿವಿ ಪರೀಕ್ಷೆಯನ್ನೂ ಸೇರಿಸುವುದು ಈವರೆಗಿನ ತಿಳಿವಳಿಕೆಗೆ ಒಪ್ಪುವ ಕ್ರಮ.