'ಹಬಶಿ' ಎಂಬ ಹೆಸರಿಗೆ ಒಂದು ಚರಿತ್ರೆಯಿದೆ

ಮಗು ಸ್ವಲ್ಪ ಕಪ್ಪಾಗಿ ಹುಟ್ಟಿದರೆ 'ಹಬಶಿ' ಎಂದು ತಮಾಷೆ ಮಾಡುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಹಬಶ ಎಂದರೆ ಅಬಿಸೀನಿಯಾ, ಇಂದಿನ ಇಥಿಯೋಪಿಯಾದ ಸೀಮೆ. ಮಕ್ಕಾದ ಹಿಂಸೆಯಿಂದ ಪಾರಾಗಿ ಬಂದ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟದ್ದು ಅಲ್ಲಿನ ದೊರೆ ನಜ್ಜಾಶಿ. ಮದೀನಾದ ಮಸೀದಿಯಲ್ಲಿ ಅಝಾನ್ ಕೊಟ್ಟ ಹಜ್ರತ್ ಬಿಲಾಲ್(ರ) ಹಬಶಿ. ಇದನ್ನೆಲ್ಲ ಜುಮಾ ಖುತ್ಬಾಗಳಲ್ಲಿ ಕೇಳಿದ್ದೇವೆ. ಆದರೆ ಹಬಶಿಗಳ ಚರಿತ್ರೆ ನಮ್ಮ ಸೀಮೆಯಲ್ಲಿಯೂ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ದೋಣಿಮಲೈ, ಸಂಡೂರು, ಹೊಸಪೇಟೆಯವರು ಬಳ್ಳಾರಿ ಮಾರ್ಗವಾಗಿ ಒಂದೇ ದಿನದಲ್ಲಿ ಆದವಾನಿಗೆ ಹೋಗಿಬರಬಹುದು. ಈಗ ಆಂಧ್ರಪ್ರದೇಶದಲ್ಲಿರುವ ಆ ಊರು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅಲ್ಲಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಬಿಜಾಪುರದ ಆದಿಲ್‌ಶಾಹಿಗಳ ಹಬಶಿ ಸರದಾರ ಸಿದ್ದಿ ಮಸೂದ್ ಖಾನ್. ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾ ಬಾಲಕನಾಗಿದ್ದಾಗ ಕೆಲವು ವರ್ಷ ಇಡೀ ರಾಜ್ಯದ ಆಡಳಿತ ನಡೆಸಿದವನೂ ಇವನೇ. 1688ರಲ್ಲಿ ಔರಂಗಜೇಬನ ಸೇನೆ ಆದವಾನಿಗೆ ಮುತ್ತಿಗೆ ಹಾಕಿತು. ಮೊಗಲರು ತೋಪುಗಳನ್ನು ಮಸೀದಿಯ ಕಡೆಗೆ ತಿರುಗಿಸಿದಾಗ, ಅದು ಉರುಳುವುದನ್ನು ನೋಡಲಾರದೆ ಮಸೂದ್ ಕೋಟೆಯನ್ನೇ ಬಿಟ್ಟುಕೊಟ್ಟನೆಂಬ ಕಥೆ ಇಂದಿಗೂ ಉಳಿದಿದೆ.

ಮಸೂದ್ ಒಬ್ಬನೇ ಅಲ್ಲ. ಮುಹಮ್ಮದ್ ಆದಿಲ್ ಶಾನ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಹಬಶಿ. ಸುಮಾರು 1645ರ ಒಂದು ಚಿತ್ರದಲ್ಲಿ ಸುಲ್ತಾನನೂ ಇವನೂ ಒಂದೇ ಆನೆಯ ಮೇಲೆ ಕುಳಿತಿದ್ದಾರೆ. ಅಹ್ಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಾಟವಾಗಿ, ಬಗ್ದಾದಿನ ಮೂಲಕ ದಖ್ಖನಿಗೆ ಬಂದವನು. ಒಡೆಯ ತೀರಿಕೊಂಡ ಮೇಲೆ ಬಿಡುಗಡೆ ಪಡೆದು ಸೈನ್ಯ ಕಟ್ಟಿದ. 1626ರಲ್ಲಿ ಸಾಯುವವರೆಗೂ ಮೊಗಲರ ಕೈಗೆ ಸಿಗಲಿಲ್ಲ. ಜಹಾಂಗೀರ್ ಬಾದಶಹನಿಗೆ ಇವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಹೊಡೆಯುತ್ತಿರುವಂತೆ ಚಿತ್ರ ಬರೆಸಿಕೊಂಡ. ರಣರಂಗದಲ್ಲಿ ದಕ್ಕದ ಗೆಲುವನ್ನು ಕಾಗದದ ಮೇಲೆ ಗೆದ್ದುಕೊಂಡ!

ಇದನ್ನು ಹೆಮ್ಮೆಯಿಂದ ಹೇಳುವಾಗ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಇವರಲ್ಲಿ ಅನೇಕರು ಗುಲಾಮಗಿರಿಯ ಬಾಗಿಲಿನಿಂದ ಬಂದವರು. ಅವರನ್ನು ಮಾರಿದವರಲ್ಲಿಯೂ ಕೊಂಡವರಲ್ಲಿಯೂ ಮುಸ್ಲಿಮರಿದ್ದರು. ಕೆಲವರು ಸಿಂಹಾಸನದ ಪಕ್ಕಕ್ಕೆ ಏರಿದರು. ಹೆಸರೇ ಉಳಿಯದೆ ಹೋದವರು ಅವರಿಗಿಂತ ಎಷ್ಟೋ ಹೆಚ್ಚು.

ಅಟ್ಲಾಂಟಿಕ್ ದಾಟಿಸಿ ಅಮೆರಿಕಕ್ಕೆ ಒಯ್ಯಲಾದ ಆಫ್ರಿಕನ್ನರ ಮಕ್ಕಳು ತಮ್ಮ ಕಳೆದುಹೋದ ಚರಿತ್ರೆಯನ್ನು ಕಲೆಯ ಮೂಲಕ ಹುಡುಕಿದರು. ಆಫ್ರಿಕನ್ ಮೂಲದವರು ಘನತೆಯಿಂದ ಬಾಳುವ ಭವಿಷ್ಯವನ್ನು ಚಿತ್ರ, ಸಂಗೀತ, ಕಥೆಗಳಲ್ಲಿ ಕಲ್ಪಿಸುವ ಆ ಕಲೆಗೆ 1993ರಲ್ಲಿ 'ಆಫ್ರೋಫ್ಯೂಚರಿಸಂ' ಎಂಬ ಹೆಸರು ಬಂತು. ಯಾರಿಗೂ ಅಡಿಯಾಳಾಗದ ಆಫ್ರಿಕನ್ ರಾಜ್ಯವೊಂದನ್ನು ತೋರಿಸಿದ 2018ರ 'ಬ್ಲ್ಯಾಕ್ ಪ್ಯಾಂಥರ್' ಚಲನಚಿತ್ರ ಅದರ ಪ್ರಸಿದ್ಧ ಉದಾಹರಣೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರವು 2013ರಲ್ಲಿ ಭಾರತದ ಆಫ್ರಿಕನ್ನರ ಕುರಿತು ಪ್ರದರ್ಶನ ಏರ್ಪಡಿಸಿತು. ಅಲ್ಲಿನ ಕಪ್ಪು ಜನರು ಕಲ್ಪನೆಯಲ್ಲಿ ಕಟ್ಟುತ್ತಿರುವ ಘನತೆಗೆ ನಮ್ಮ ದಖ್ಖನಿನ ಚರಿತ್ರೆ ಸಾಕ್ಷಿಯಾಯಿತು.

ಆದರೆ ಅದೇ ಮೂಲದವರು ನಮ್ಮ ರಾಜ್ಯದಲ್ಲಿಯೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನ ಊರುಗಳಲ್ಲಿ ಸಿದ್ದಿಗಳು ಬಾಳುತ್ತಿದ್ದಾರೆ. ಇವರಲ್ಲಿ ಹಲವರ ಹಿರಿಯರು ಪೋರ್ಚುಗೀಸರ ಗೋವಾದಿಂದ ಗುಲಾಮಗಿರಿ ತಪ್ಪಿಸಿಕೊಂಡು ಬಂದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ.

ಸಿದ್ದಿ ಮಹಿಳೆಯರ ಕೌದಿಗಳು ಇಂದು ಹೊರದೇಶಗಳಲ್ಲಿಯೂ ಹೆಸರು ಮಾಡಿವೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಹೂವು' ಇಡುತ್ತಾರೆ. ಅದಿಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ.

ಇಷ್ಟೆಲ್ಲ ಇದ್ದೂ ಸಿದ್ದಿ ಯುವಕನೊಬ್ಬ ಪೇಟೆಗೆ ಬಂದರೆ 'ನಿನ್ನದು ಯಾವ ದೇಶ?' ಎಂದು ಕೇಳುತ್ತೇವೆ. ಅವನು ಉತ್ತರ ಕೊಡುವುದು ಕನ್ನಡದಲ್ಲಿ. ಮಸೀದಿಯ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ, ಹೊರಗೆ ಬಂದು ಹೆಣ್ಣು ನೋಡುವಾಗ ಮೊದಲು ಬಣ್ಣ ಕೇಳುತ್ತೇವೆ. ಬಿಳಿಯನಿಗೆ ಕರಿಯನ ಮೇಲೆ ಮೇಲ್ಮೆಯಿಲ್ಲ, ತಕ್ವಾ ಒಂದರಿಂದಲೇ ಮೇಲ್ಮೆ ಎಂಬುದು ಪ್ರವಾದಿ(ಸ)ಯವರ ಕೊನೆಯ ಹಜ್ಜಿನ ಉಪದೇಶ. ಅದು ಸಫ್‌ನಲ್ಲಿ ನಿಂತಷ್ಟು ಹೊತ್ತಿಗೆ ಮಾತ್ರವೇ?

ರಜೆಯಲ್ಲಿ ಮಕ್ಕಳನ್ನು ಆದವಾನಿಗೆ ಕರೆದೊಯ್ಯಿರಿ. ಆ ಮಸೀದಿಯಲ್ಲಿ ಎರಡು ರಕಾಅತ್ ನಮಾಝ್ ಮಾಡಿ, ಅದನ್ನು ಕಟ್ಟಿಸಿದವನು ಯಾರೆಂದು ಅವರಿಗೆ ಹೇಳಿ.